ಹಿಟ್ಟಿನಲ್ಲಿ ಮೂಡಿದ ಹೊಲಿಗೆ

ಲೋಕದ ಮೂಲೆಮೂಲೆಯ ದೇಶಗಳವರು ಬಂದು ಸೇರಿದ್ದ ಆ ಕ್ರೀಡಾಕೂಟದಲ್ಲಿ, ಗಂಡಸರ ಉದ್ದಜಿಗಿತದ ಕೊನೆಯ ಸ್ಪರ್ಧೆ ನಡೆದ ದಿನ, ಎಲ್ಲರಿಗಿಂತ ಚೆಂದವಾಗಿ ಹಾರಿದವಳು ನಾನು. ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ಈಗಲೇ ಹೇಳುವುದಿಲ್ಲ. ಹೇಳಿದರೆ ಉಳಿದ ಕಥೆಗೆ ನೀವು ಕೂರುವುದಿಲ್ಲ.

ನಾನು ಓದಿದವಳಲ್ಲ. ಶಾಲೆಯನ್ನು ಒಳಗಿನಿಂದ ನೋಡಿದ್ದಕ್ಕಿಂತ ಹೊರಗಿನಿಂದ ನೋಡಿದ್ದೇ ಹೆಚ್ಚು. ಆದರೆ ಅನುಮಾನ ಪಡುವುದಕ್ಕೆ ಓದು ಬೇಕಿಲ್ಲ, ಎರಡು ಕಣ್ಣು, ಒಂದು ಬಾಗಿಲಸಂದಿ ಇದ್ದರೆ ಸಾಕು. ನಮ್ಮವರು ಬದುಕಿದ್ದಾಗ ಹೇಳುತ್ತಿದ್ದರು, ನಿನ್ನ ಅನುಮಾನಕ್ಕೆ ಹೆದರಿ ನಮ್ಮ ಮನೆಯ ಹಾಲು ಕೂಡ ಉಕ್ಕುವುದಿಲ್ಲ ಎಂದು. ಪಾಪ, ಅವರು ಹೋಗುವಾಗಲೂ ಎಲ್ಲಿಗೆ ಹೊರಟಿರಿ ಎಂದು ಕೇಳಿದ್ದೆನಂತೆ.

ನಮ್ಮದು ಎರಡು ಅಂತಸ್ತಿನ ಮನೆ. ಮೇಲೆ ಮಗ, ಕೆಳಗೆ ಮಗಳು, ನಡುವೆ ಮೆಟ್ಟಿಲು, ಮೆಟ್ಟಿಲ ಮೇಲೆ ನಾನು. ಅಳಿಯ ಹಡಗಿನಲ್ಲಿ ಅಡಿಗೆಯವನು. ವರ್ಷಕ್ಕೊಮ್ಮೆ ಬಂದು ನಮ್ಮ ಅಡಿಗೆಗೆ ಹೆಸರಿಟ್ಟು ಹೋಗುತ್ತಾನೆ. ಹಾಗಾಗಿ ಮಗಳ ಮಗನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವನ ಸೋದರಮಾವ, ಅಂದರೆ ನನ್ನ ಮಗ. ಈ ಮೊಮ್ಮಗನನ್ನು ಊರೆಲ್ಲ ಮಿಡತೆ ಎಂದೇ ಕರೆಯುವುದು. ಹುಟ್ಟಿದ ದಿನವೇ ತೊಟ್ಟಿಲಿಂದ ಹಾರಿ ನನ್ನ ಮಡಿಲಿಗೆ ಬಿದ್ದ. ಸರಿ, ಹುಟ್ಟಿದ ದಿನವಲ್ಲ, ಆಮೇಲೆ.

ಮಗನದು ತಕ್ಕಡಿ ಪರೀಕ್ಷಿಸುವ ಸರ್ಕಾರಿ ಕೆಲಸ. ಅವನು ಬೀದಿಯ ತುದಿಯಲ್ಲಿ ಕಾಣಿಸಿದರೆ ಸಾಕು, ಅಂಗಡಿಯವರ ಕಲ್ಲುಗಳೆಲ್ಲ ತಾವೇ ತೂಕ ಸರಿಮಾಡಿಕೊಳ್ಳುತ್ತವೆ. ರಜೆಯ ದಿನಗಳಲ್ಲಿ ಅವನು ಉದ್ದಜಿಗಿತದ ತೀರ್ಪುಗಾರ. ಜನ ಇಟ್ಟ ಹೆಸರು ಗೆರೆ ಸಾಹೇಬ. ಉದ್ದಜಿಗಿತ ಎಂದರೆ ಹೀಗೆ: ಓಡಿ ಬಂದು, ನೆಲದಲ್ಲಿ ಕೂರಿಸಿದ ಬಿಳಿ ಹಲಗೆಯನ್ನು ಮೆಟ್ಟಿ, ಮರಳಿನ ಗುಂಡಿಗೆ ಹಾರಬೇಕು. ಹಲಗೆಯ ಆಚೆ ಅಂಚೇ ಗೆರೆ, ಅದಕ್ಕೆ ತಾಗಿ ಒಂದು ಮೆತ್ತನೆಯ ಪಟ್ಟಿ ಇರುತ್ತದೆ. ಅದಕ್ಕೇನೋ ಉದ್ದನೆಯ ಹೆಸರಿದೆ, ನನ್ನ ನಾಲಿಗೆಗೆ ಒಗ್ಗುವುದಿಲ್ಲ, ನಾನು ಹಿಟ್ಟು ಎನ್ನುತ್ತೇನೆ. ಆ ಹಿಟ್ಟಿಗೆ ಬೂಟಿನ ತುದಿ ತಾಗಿ ಗುರುತು ಬಿದ್ದರೆ ತೀರ್ಪುಗಾರ ಕೆಂಪು ಬಾವುಟ ಎತ್ತುತ್ತಾನೆ. ಹಾರಿದ್ದೆಲ್ಲ ನೀರಲ್ಲಿ ಹೋಮ. ತಾಗದಿದ್ದರೆ ಬಿಳಿ. ಬಿದ್ದ ಗುರುತನ್ನು ಮುಂದಿನವನು ಹಾರುವ ಮೊದಲೇ ಸವರಿ ಅಳಿಸಬೇಕು.

ಈ ವಿದ್ಯೆಯನ್ನು ಮಗ ಕಲಿತದ್ದು ನನ್ನ ಹೊಸ್ತಿಲಲ್ಲಿ. ನಾದಿದ ಹಿಟ್ಟನ್ನು ಕದ್ದು ಹೊಸ್ತಿಲ ಉದ್ದಕ್ಕೂ ಬಳಿದು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೈಯಲ್ಲಿ ಹರಿದ ಕೆಂಪು ಪರದೆಯ ತುಂಡು, ಬಿಳಿ ಕರವಸ್ತ್ರ ಹಿಡಿದು, ಮನೆಯೊಳಗೆ ಕಾಲಿಟ್ಟವರಿಗೆಲ್ಲ ತೀರ್ಪು ಕೊಡುತ್ತಿದ್ದ. ಹಾಲಿನವನಿಗೆ ಕೆಂಪು. ಅಂಚೆಯವನಿಗೆ ಬಿಳಿ. ಹೆತ್ತ ತಾಯಿ ನಾನು, ಎರಡು ಕೈಯಲ್ಲೂ ನೀರಿನ ಕೊಡ ಹಿಡಿದು ಬಂದರೆ ನನಗೂ ಕೆಂಪು. ಕೊಡದ ನೀರನ್ನು ಅವನ ತಲೆಯ ಮೇಲೆ ಸುರಿದಿದ್ದೇನೆ, ಆದರೂ ಬಾವುಟ ಇಳಿಸಲಿಲ್ಲ. ಮಿಡತೆ ಹಾರಲು ಕಲಿತದ್ದೂ ಆ ಹಿಟ್ಟಿನ ಮೇಲೆಯೇ. ಪುಟ್ಟ ಕಾಲಲ್ಲಿ ಓಡಿ ಬಂದು ಹೊಸ್ತಿಲು ದಾಟಿ ಹಾರುವುದು, ಹಿಂತಿರುಗಿ ಮಾವನ ಕೈ ನೋಡುವುದು. ಬಿಳಿ ಬಂದರೆ ಮಾವನ ಕುತ್ತಿಗೆಗೆ ಜೋತುಬೀಳುವುದು.

ಇಷ್ಟು ಚೆಂದವಿದ್ದ ಮನೆ ಒಡೆದದ್ದು ಎರಡು ವರ್ಷದ ಹಿಂದೆ, ದೇಶದ ತಂಡವನ್ನು ಆರಿಸುವ ಪಂದ್ಯದ ದಿನ. ಮಿಡತೆ ಅಂದು ಹಾರಿದ್ದನ್ನು ನೋಡಿದವರು, ಇವನು ಮರಳು ಮುಗಿದು ಆಚೆಯ ಹುಲ್ಲಿಗೆ ಬೀಳುತ್ತಾನೆ ಎಂದುಕೊಂಡರು. ಹಲಗೆಯ ಬಳಿ ಕೂತಿದ್ದವನು ನನ್ನ ಮಗ. ಬಗ್ಗಿ ನೋಡಿದ. ಕೆಂಪು ಎತ್ತಿದ. ಮಗಳು ಮೈದಾನದ ಮೆಟ್ಟಿಲು ಇಳಿದು ಓಡಿ ಹೋಗುವಷ್ಟರಲ್ಲಿ ಆ ಹಿಟ್ಟಿನ ಪಟ್ಟಿಯನ್ನು ತೆಗೆದು ಹೊಸದು ಹಾಕಿಯಾಗಿತ್ತು. ಅವಳು ಅಣ್ಣನ ಎದುರು ನಿಂತು ಒಂದೇ ಮಾತು ಕೇಳಿದಳು.

"ಅಣ್ಣ, ಇವನಿಗಿಂತ ಮುಂಚೆ ಹಾರಿದವನೂ ಗೆರೆ ಮೆಟ್ಟಿದ್ದ. ಅವನ ಗುರುತು ಸವರಿ ಅಳಿಸಿದ್ಯಾ, ಇಲ್ವಾ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಮಗ ಹೊಸ ಪಟ್ಟಿಯತ್ತ ಒಮ್ಮೆ ನೋಡಿದ. ಆಮೇಲೆ ಹೇಳಿದ್ದು, "ನೆನಪಿಲ್ಲ."

ಊರಿನ ತಕ್ಕಡಿಗಳನ್ನೆಲ್ಲ ಹೆಸರು ಹಿಡಿದು ನೆನಪಿಟ್ಟವನ ಬಾಯಲ್ಲಿ ನೆನಪಿಲ್ಲ ಎಂಬ ಮಾತು. ಮಗಳಿಗೆ ಅಷ್ಟೇ ಸಾಕಾಯಿತು. ಬೇರೆಯವನ ಗುರುತಿಗೆ ತಂಗಿಯ ಮಗನನ್ನು ಬಲಿಕೊಟ್ಟ, ತಾನು ಧರ್ಮರಾಯ ಅಂತ ಲೋಕಕ್ಕೆ ತೋರಿಸಲು ಮನೆಯ ಕೂಸನ್ನು ಕೊಂದ ಎಂದು ಅಂದಿನಿಂದ ಅಣ್ಣನೊಡನೆ ಮಾತು ಬಿಟ್ಟಳು. ಮೇಲಿನವರ ಮಾತು ಕೆಳಗೆ, ಕೆಳಗಿನವರ ಮಾತು ಮೇಲೆ ಹೊರುವ ಕೂಲಿ ನನಗೆ ಬಿತ್ತು. ನೀರಿನ ಮೋಟರು ಹಾಕಲು ಹೇಳು ಎಂದು ಮಗಳು ಹೇಳಿದರೆ, ನಾನು ಮೇಲೆ ಹೋಗಿ, ನಿನ್ನ ತಂಗಿ ನಿನ್ನ ಆರೋಗ್ಯ ವಿಚಾರಿಸಿದಳು, ಹಾಗೇ ಮೋಟರು ಹಾಕಬೇಕಂತೆ ಎನ್ನುತ್ತಿದ್ದೆ. ಇಬ್ಬರೂ ನಂಬುತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ, ಅನುಮಾನ ಹಾಲಿನೊಡನೆ ಇಳಿದಿದೆ.

ಮಿಡತೆಗೂ ಅಂದಿನಿಂದ ಏನೋ ಆಯಿತು. ಬೇರೆ ಪಂದ್ಯಗಳಲ್ಲಿ ಹಾರಿ ಹೇಗೋ ತಂಡ ಸೇರಿದ, ನಿಜ. ಆದರೆ ಆಮೇಲೆ ಒಂದು ಸಲವೂ ಗೆರೆ ಮೆಟ್ಟಲಿಲ್ಲ. ಹಲಗೆ ಇನ್ನೂ ಒಂದು ಗೇಣು ದೂರ ಇರುವಾಗಲೇ ಹಾರಿಬಿಡುತ್ತಿದ್ದ. ಉದ್ದಜಿಗಿತದಲ್ಲಿ ಅಳೆಯುವುದು ಗೆರೆಯಿಂದ, ನೀನು ಎಲ್ಲಿಂದ ಹಾರಿದೆ ಎನ್ನುವುದರಿಂದಲ್ಲ. ಅಂದರೆ ಪ್ರತಿ ಸಲವೂ ಒಂದು ಗೇಣು ಪುಕ್ಕಟೆ ದಾನ. ಅವನ ಕೋಚು ನಮ್ಮ ಮನೆಗೆ ಬಂದು ತಲೆ ಚಚ್ಚಿಕೊಂಡು ಹೋದ. ಈ ಸಲದ ದೊಡ್ಡ ಕೂಟದಲ್ಲಿ ಏನಾದರೂ ಗಿಟ್ಟಿಸದಿದ್ದರೆ ಇವನಿಗೆ ತಂಡದಲ್ಲಿ ಮುಂದೆ ಜಾಗವಿಲ್ಲ, ದೇಹದಲ್ಲಿ ಶಕ್ತಿಯಿದೆ, ಕಾಲಿನಲ್ಲಿ ಭಯವಿದೆ ಎಂದ. ಮಗಳು ಮೇಲಿನ ಮಹಡಿಗೆ ಕೇಳುವಂತೆ ಹೇಳಿದಳು, ಭಯ ಹಾಕಿದವರು ಯಾರು ಅಂತ ಈ ಮನೆಯ ಗೋಡೆಗೂ ಗೊತ್ತು ಎಂದು.

ಆ ಕೂಟ ನಮ್ಮ ಊರಿಗೇ ಬಂತು. ಬಂದದ್ದು ಬರಲಿ, ಕೊನೆಯ ಸ್ಪರ್ಧೆಯ ದಿನ ಹಲಗೆಯ ಪಕ್ಕ ಕೂರುವವನೂ ನನ್ನ ಮಗನೇ ಎಂದು ಗೊತ್ತಾಯಿತು. ಅವನೇ ಹೋಗಿ, ಹಾರುವವರಲ್ಲಿ ಒಬ್ಬ ನನ್ನ ತಂಗಿಯ ಮಗ, ನನ್ನನ್ನು ಬಿಟ್ಟುಬಿಡಿ ಎಂದು ಕೇಳಿದನಂತೆ. ಕೂಟ ನಡೆಸುವವರು ನಕ್ಕು, ಸ್ವಂತ ತಂಗಿಯ ಮಗನಿಗೇ ಕೆಂಪು ಎತ್ತಿದವರಿಗಿಂತ ನಂಬಿಕಸ್ಥರನ್ನು ಎಲ್ಲಿಂದ ತರೋಣ ಸಾಹೇಬರೇ ಎಂದರಂತೆ. ಮಗಳು ಈ ಸುದ್ದಿ ಕೇಳಿ ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಕೂತಳು. ಅವತ್ತು ನಾವು ಸೀದುಹೋದದ್ದನ್ನೇ ತಿಂದೆವು.

ಕೂಟ ಹತ್ತಿರ ಬಂದಂತೆ ಮಗನ ನಡೆ ನನಗೆ ಸರಿ ಕಾಣಲಿಲ್ಲ. ಮಧ್ಯಾಹ್ನ ಕಚೇರಿಯಿಂದ ಬೇಗ ಬರುವುದು, ಕೋಣೆಗೆ ಚಿಲಕ ಹಾಕುವುದು, ಕರೆದರೆ ತಡವಾಗಿ ಓ ಎನ್ನುವುದು. ಕೈಗಳಲ್ಲಿ ಏನೋ ಎಣ್ಣೆಯ ವಾಸನೆ. ಮೊದಲು ಹೆಣ್ಣಿನ ಅನುಮಾನ ಬಂತು. ಅವನ ಮುಖ ನೋಡಿ ಆ ಅನುಮಾನವನ್ನು ನಾನೇ ವಾಪಸು ತೆಗೆದುಕೊಂಡೆ. ಆಮೇಲೆ ಒಂದು ದಿನ ಮೆಲ್ಲಗೆ ಬಂದು ನನ್ನ ಪಕ್ಕ ಕೂತ. ಕಾಲು ನೋವು ಹೇಗಿದೆ ಎಂದು ಕೇಳಿದ. ಅಲ್ಲಿಗೇ ನನಗೆ ತಿಳಿಯಿತು, ಏನೋ ಬೇಕಾಗಿದೆ ಎಂದು.

"ಅಮ್ಮ, ಮಿಡತೆಯ ಹಳೇ ಬೂಟು ಇದೆಯಾ? ಎರಡು ವರ್ಷದ ಹಿಂದಿನದು."

ಇತ್ತು. ಆ ಪಂದ್ಯದ ದಿನ ಮಗಳು ಸಿಟ್ಟಿನಲ್ಲಿ ಕಸಕ್ಕೆ ಎಸೆದಿದ್ದ ಬೂಟನ್ನು ನಾನು ಎತ್ತಿ ಮಂಚದಡಿಯ ಟ್ರಂಕಿನಲ್ಲಿ ಇಟ್ಟಿದ್ದೆ. ಯಾಕೆ ಬೇಕು ಎಂದು ಕೇಳಿದೆ. ಸುಮ್ಮನೆ ಎಂದ. ನನ್ನ ಮಗ ಸುಮ್ಮನೆ ಉಸಿರನ್ನೂ ಬಿಡುವವನಲ್ಲ. ಬೂಟು ಕೊಟ್ಟೆ, ಹಿಂದೆಯೇ ಮೆಟ್ಟಿಲು ಹತ್ತಿದೆ, ಬಾಗಿಲಸಂದಿಗೆ ಕಣ್ಣಿಟ್ಟೆ.

ನೆಲದ ಮೇಲೆ ಕೂತಿದ್ದ. ಎದುರಿಗೆ ಟವಲು ಬಿಚ್ಚಿಟ್ಟ ಒಂದು ಉದ್ದನೆಯ ಪಟ್ಟಿ, ಕೈಯಗಲದ್ದು, ಮೇಲೆ ಹಿಟ್ಟು ಬಳಿದದ್ದು. ಪಕ್ಕದಲ್ಲಿ ಅದೇ ಹಿಟ್ಟಿನ ಒಂದು ಉಂಡೆ. ಮಿಡತೆಯ ಬೂಟನ್ನು ಕೈಗೆ ತೊಟ್ಟುಕೊಂಡು ಅದರ ಮೂತಿಯನ್ನು ಹಿಟ್ಟಿಗೆ ಒತ್ತುತ್ತಿದ್ದ. ಎತ್ತಿ ನೋಡುತ್ತಿದ್ದ. ಸವರಿ ಅಳಿಸುತ್ತಿದ್ದ. ಮತ್ತೆ ಒತ್ತುತ್ತಿದ್ದ. ಪಟ್ಟಿಗೆ ಒತ್ತಿದನೋ ಉಂಡೆಗೆ ಒತ್ತಿದನೋ, ಅವನ ಬೆನ್ನು ಅಡ್ಡ ಬಂದು ನನಗೆ ಕಾಣಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ಕೇಳಿದ್ದೆ. ಅವತ್ತು ಬೇಲಿ ಮೇಯುವ ಸದ್ದನ್ನು ಕಿವಿಯಾರೆ ಕೇಳಿದೆ.

ಗುರುತು ಇರುವ ಪಟ್ಟಿಯನ್ನು ಮೊದಲೇ ತಯಾರು ಮಾಡಿಟ್ಟುಕೊಂಡರೆ, ಮಿಡತೆ ಹಾರಿದ ಕೂಡಲೇ ಅದನ್ನು ಹಲಗೆಗೆ ಸೇರಿಸಿ, ನೋಡಿ ಗುರುತು ಎನ್ನಬಹುದಲ್ಲ. ಮತ್ತೊಮ್ಮೆ ಕೆಂಪು ಎತ್ತಿದರೆ, ಮೊದಲನೆಯದೂ ಸರಿಯೇ ಎಂದು ಜನ ನಂಬುತ್ತಾರಲ್ಲ. ನನ್ನ ತಲೆಗೆ ಹೊಳೆದದ್ದು ಇದು. ಮಗಳಿಗೆ ಹೇಳಿದರೆ ಮನೆಗೆ ಬೆಂಕಿ. ಹೇಳದಿದ್ದರೆ ಮೊಮ್ಮಗನ ಬಾಳಿಗೆ ಬೆಂಕಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗಾಗಿ ಕೋಲನ್ನೇ ಕದಿಯೋಣ ಎಂದು ತೀರ್ಮಾನಿಸಿದೆ.

ಸ್ಪರ್ಧೆಯ ದಿನ ಮಗ ಬೆಳಗ್ಗೆಯೇ ಹೊರಟ. ಅವನ ಕೈಯಲ್ಲಿ ಪಟ್ಟಿ ಇರಲಿಲ್ಲ. ಯಾರ ಕೈಯಲ್ಲಾದರೂ ತರಿಸಿಕೊಳ್ಳುತ್ತಾನೆ ಎಂದು ಆಗಲೂ ನನಗೆ ಅನುಮಾನ. ಅವನ ಕೋಣೆಯನ್ನೆಲ್ಲ ತಡಕಾಡಿ, ಬೀರುವಿನ ಹಿಂದಿನಿಂದ ಅದನ್ನು ಎಳೆದು, ಟವಲು ಸುತ್ತಿ, ನನ್ನ ಬೆನ್ನಿಗೆ ಕಟ್ಟಿಕೊಂಡು ಮೇಲೆ ಶಾಲು ಹೊದ್ದೆ. ಅವತ್ತು ನಾನು ನಡೆದಷ್ಟು ನೆಟ್ಟಗೆ ಯಾವ ಸೇನಾಪತಿಯೂ ನಡೆದಿರಲಿಕ್ಕಿಲ್ಲ. ಕ್ರೀಡಾಂಗಣದ ಬಾಗಿಲ ಕಾವಲಿನವನು ಬೆನ್ನು ತಟ್ಟಿ, ಇದೇನಜ್ಜಿ ಹಲಗೆ ಥರ ಇದೆ ಎಂದ. ಹಲಗೆಯೇ ಕಣಪ್ಪ, ಡಾಕ್ಟರು ಕಟ್ಟಿದ್ದು, ಬಿಚ್ಚಿದರೆ ಎರಡು ತುಂಡಾಗಿ ಬೀಳ್ತೀನಿ, ಒಂದು ತುಂಡು ನೀನು ಹೊರಬೇಕು ಎಂದೆ. ಬಿಟ್ಟ.

ನಾನು, ಮಗಳು ಅಕ್ಕಪಕ್ಕ ಕೂತೆವು. ಜಿಗಿತದ ಓಟದ ಹಾದಿ ನಮ್ಮ ಮುಂದೆಯೇ. ಹಲಗೆಯ ಪಕ್ಕ ಕುರ್ಚಿಯಲ್ಲಿ ಗೆರೆ ಸಾಹೇಬ, ತೊಡೆಯ ಮೇಲೆ ಎರಡು ಬಾವುಟ. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಹಾರುವವರನ್ನು ನೋಡುತ್ತಿದ್ದರೆ ಇಬ್ಬರು ಮಾತ್ರ ನನ್ನ ಮಗನ ಕೈಗಳನ್ನು ನೋಡುತ್ತಿದ್ದರು. ಒಬ್ಬ, ಸ್ಪರ್ಧೆಯಲ್ಲಿ ಮುಂದಿದ್ದ ಆಟಗಾರನ ಕೋಚು, ದುರ್ಬೀನು ಹಿಡಿದ ಪರದೇಶಿ. ತೀರ್ಪುಗಾರ ಸೋದರಳಿಯನ ಕಡೆಗೆ ವಾಲುತ್ತಾನೆ ಎಂದು ಅವನಿಗೆ ಅನುಮಾನ. ಇನ್ನೊಬ್ಬಳು ನನ್ನ ಮಗಳು. ವಾಲುವುದಿಲ್ಲ, ತುಳಿಯುತ್ತಾನೆ ಎಂದು ಇವಳ ಅನುಮಾನ. ಮೊಬೈಲು ಎತ್ತಿ ಹಿಡಿದು ಅಣ್ಣನ ಕೈಯನ್ನೇ ಚಿತ್ರ ಮಾಡುತ್ತಿದ್ದಳು. ಅವಳ ಮಗ ಓಡಿ ಬಂದು ಹಾರಿ ಬಿದ್ದದ್ದು ಆ ಚಿತ್ರದ ಮೂಲೆಯಲ್ಲಿ ಒಂದು ನೆರಳಿನ ಹಾಗೆ ಹಾದುಹೋಯಿತು.

ಮಿಡತೆ ಎಂದಿನಂತೆ. ಹಲಗೆಗೆ ಗೇಣು ದೂರದಲ್ಲೇ ಹಾರಿದ. ಬಿಳಿ. ಮತ್ತೆ ಹಾಗೆಯೇ. ಬಿಳಿ. ಮೂರನೆಯದೂ ಬಿಳಿ. ಮೂರು ಜಿಗಿತ ಆದ ಮೇಲೆ ಹಿಂದುಳಿದವರನ್ನು ಮನೆಗೆ ಕಳಿಸಿ ಎಂಟು ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅವರಿಗೆ ಇನ್ನೂ ಮೂರು ಜಿಗಿತ. ನಮ್ಮವನು ಎಂಟನೆಯವನಾಗಿ ಬಾಗಿಲಸಂದಿಯಲ್ಲಿ ಸಿಕ್ಕಿಕೊಂಡು ಉಳಿದ. ಈ ನಡುವೆ ಆಟಗಾರರು ಮೈದಾನದಂಚಿನ ಕಂಬಿಯ ಬಳಿಗೆ ಬಂದು ತಮ್ಮ ಕೋಚುಗಳೊಡನೆ ಮಾತಾಡಬಹುದು. ಮಿಡತೆಯೂ ಬಂದ. ಕೋಚು ಅವನಿಗೆ ಎರಡು ಕೈಯನ್ನೂ ಅಗಲಿಸಿ ಗೇಣು ಎಂದರೆ ಎಷ್ಟು ಎಂದು ತೋರಿಸುತ್ತಿದ್ದ.

ಆಗಲೇ ನಾನು ಹಾರಿದ್ದು. ಕೋಚುಗಳ ಸಾಲಿಗೂ ನಮ್ಮ ಸಾಲಿಗೂ ನಡುವೆ ಇನ್ನೊಂದು ಕಂಬಿ ಇತ್ತು, ಮೊಣಕಾಲಿನ ಎತ್ತರದ್ದು. ಬೆನ್ನಿಗೆ ಹಲಗೆ ಕಟ್ಟಿಕೊಂಡ ಮುದುಕಿ ಅದನ್ನು ದಾಟುವುದೆಂದರೆ ಸಮುದ್ರ ಹಾರಿದ ಹಾಗೇ. ಚಪ್ಪಾಳೆಯೂ ಬಿತ್ತು. ಓಟದ ಪಂದ್ಯದಲ್ಲಿ ಯಾರೋ ಅದೇ ಹೊತ್ತಿಗೆ ಗುರಿ ಮುಟ್ಟಿದ್ದರು. ಸುಳ್ಳಿನ ಅರ್ಧ ಇದು, ತೀರಿತಲ್ಲ.

ಕೋಚಿಗೆ ಆಚೆ ಸರಿಯಪ್ಪ ಎಂದೆ. ಬೆನ್ನಿನ ಗಂಟು ಬಿಚ್ಚಿ ಟವಲನ್ನು ಮೊಮ್ಮಗನ ಮುಂದೆ ಹರಡಿದೆ. ನಿನ್ನ ಮಾವ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಇದನ್ನು ತಯಾರು ಮಾಡುತ್ತಿದ್ದ, ನಿನ್ನ ಹಳೆ ಬೂಟನ್ನು ಒತ್ತುತ್ತಿದ್ದ, ನನ್ನ ಕಣ್ಣಾರೆ ನೋಡಿದ್ದೇನೆ, ಹುಷಾರು ಎಂದು ಕಿವಿಯಲ್ಲಿ ಊದಿದೆ.

ಮಿಡತೆ ಬಗ್ಗಿದ. ಮನೆಯ ಮಬ್ಬಿನಲ್ಲಿ ನನಗೆ ಕಾಣದಿದ್ದದ್ದು ಆ ಬಿಸಿಲಿಗೆ ಕಂಡಿತು. ಹಿಟ್ಟಿನ ಅಂಚಿನಲ್ಲಿ ಒಂದೇ ಒಂದು ಗುರುತು, ಬೂಟಿನ ಮೂತಿಯದು. ಆ ಗುರುತಿನೊಳಗೆ ಸಾಲಾಗಿ ಸಣ್ಣ ಸಣ್ಣ ಗೀರು, ಜರಿಹುಳು ಹರಿದ ಹಾಗೆ.

"ಅಜ್ಜಿ, ಇದು ನಿನ್ನ ಹೊಲಿಗೆ," ಎಂದ.

ಹೌದು. ಆರಿಸುವ ಪಂದ್ಯದ ಹಿಂದಿನ ದಿನ ಆ ಬೂಟಿನ ಮೂತಿ ಬಾಯಿಬಿಟ್ಟಿತ್ತು. ಗೋಣಿಚೀಲ ಹೊಲಿಯುವ ದಾರದಲ್ಲಿ ನಾನೇ ಹೊಲಿದಿದ್ದೆ. ನನ್ನ ಹೊಲಿಗೆಯನ್ನು ನೋಡಿದರೆ ದರ್ಜಿಯವರು ಕೆಲಸ ಬಿಟ್ಟು ಊರು ಬಿಡುತ್ತಾರೆ. ಅಂಥ ಹೊಲಿಗೆ ಲೋಕದಲ್ಲಿ ಇನ್ನೊಂದು ಬೂಟಿನ ಮೇಲಿರಲಿಕ್ಕಿಲ್ಲ. ಹಿಟ್ಟಿನ ಮೇಲೆ ಮಣ್ಣು ಕೂತು ಕಪ್ಪಾಗಿತ್ತು, ಗುರುತಿನೊಳಗೂ ಧೂಳು. ಇದು ಅವತ್ತಿನ ಪಟ್ಟಿ. ಬಿಸಾಡುವುದನ್ನು ಮಗ ಎತ್ತಿ ತಂದು, ಎರಡು ವರ್ಷದಿಂದ ಬೀರುವಿನ ಹಿಂದೆ ಮಲಗಿಸಿದ್ದ. ಗುರುತು ಸೋದರಳಿಯನದೋ, ಮುಂಚಿನವನದೋ, ತಾನು ಸವರಿದ್ದನೋ ಇಲ್ಲವೋ ಎಂದು ನಾವೆಲ್ಲ ಅವನ ಮೇಲೆ ಪಟ್ಟ ಅನುಮಾನವನ್ನು ಅವನೂ ತನ್ನ ಮೇಲೆಯೇ ಪಡುತ್ತಿದ್ದ. ಬೂಟು ಕೇಳಲು, ಅದನ್ನು ಉಂಡೆಗೆ ಒತ್ತಿ ಎರಡು ಗುರುತನ್ನೂ ಹೋಲಿಸಿ ನೋಡಲು ಬಾಯಿ ಬಂದದ್ದು ಈಗ.

ಆದರೆ ನನ್ನ ತಲೆ ಸುಮ್ಮನಿರಬೇಕಲ್ಲ. ಧೂಳನ್ನು ಆಮೇಲೂ ಉದುರಿಸಬಹುದು. ಬೂಟೂ ಅವನ ಕೈಯಲ್ಲಿತ್ತು, ಪಟ್ಟಿಯೂ ಅವನ ಕೈಯಲ್ಲಿತ್ತು. ಮೊನ್ನೆ ಒತ್ತಿದ್ದಲ್ಲ, ಅವತ್ತಿನದೇ ಎಂದು ಹೇಗೆ ನಂಬುವುದು? ನಿನ್ನ ಅಮ್ಮ ನಂಬುತ್ತಾಳಾ ಎಂದು ಕೇಳಿದೆ.

ಮಿಡತೆ ಬೆರಳಿನಿಂದ ಆ ಗುರುತನ್ನು ಮೆಲ್ಲಗೆ ಮುಟ್ಟಿದ. ನನ್ನ ಮುಖ ನೋಡಲಿಲ್ಲ.

"ನಂಬಲೇಬೇಕು ಅಜ್ಜಿ. ಹಲಗೆ ಗಟ್ಟಿ, ಇದು ಮೆತ್ತಗೆ. ಕಾಲಿಗೆ ತಿಳಿಯತ್ತೆ. ಅವತ್ತು ನಂಗೆ ಮೆತ್ತಗೇ ತಾಗಿತ್ತು."

"ಮತ್ತೆ ಬಾಯಲ್ಲೇನು ಹಿಟ್ಟು ತುಂಬ್ಕೊಂಡಿದ್ಯೇನೋ?"

"ಅಮ್ಮ ನನ್ನ ಪರ ಅಷ್ಟು ಜಗಳ ಆಡ್ತಿದ್ಲು. ಹೇಳೋಣ ಅನ್ನೋವಷ್ಟರಲ್ಲಿ ತಡ ಆಗಿತ್ತು. ಆಮೇಲೆ ಅವಳು ನಾನು ಹಾರೋದು ನೋಡೋದನ್ನೇ ಬಿಟ್ಲು. ನೋಡು ಬೇಕಾದ್ರೆ, ಈಗ್ಲೂ ಮಾವನ ಕೈ ನೋಡ್ತಾ ಕೂತಿದಾಳೆ. ಮತ್ತೆ ಗೆರೆ ಹತ್ರ ಹೋದ್ರೆ ಮತ್ತೆ ಅದೇ ಅಲ್ವಾ? ಅದಕ್ಕೇ ದೂರದಿಂದ್ಲೇ..."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ನೋಡಿದ್ದೇನೆ. ಇವನು ಎರಡು ವರ್ಷ ಕುಂಬಳಕಾಯಿಯನ್ನು ಹೊತ್ತುಕೊಂಡೇ ಹಾರಿದ್ದ. ಕಾಲಿನಲ್ಲಿದ್ದದ್ದು ಮಾವನ ಭಯವಲ್ಲ, ತನ್ನದೇ ಸುಳ್ಳಿನ ಭಾರ. ನನಗೆ ಬಂದ ಸಿಟ್ಟಿಗೆ ಆ ಪಟ್ಟಿಯಲ್ಲೇ ಬಾರಿಸಬೇಕಿತ್ತು. ಆದರೆ ಬಾರಿಸುವ ಹಕ್ಕು ಬೇರೆಯವಳದು. ಹಿಂತಿರುಗಿ ಮಗಳನ್ನು ಕರೆದೆ.

ಅವಳು ಮೊಬೈಲು ಹಿಡಿದೇ ಇಳಿದು ಬಂದಳು. ಮಿಡತೆ ಕಂಬಿಯ ಆಚೆ, ಅವಳು ಈಚೆ. ಏನು ಹೇಳಿದ, ಹೇಗೆ ಹೇಳಿದ ಎಂದು ನನಗೆ ಕೇಳಿಸಲಿಲ್ಲ. ಕೇಳಿಸಿದ್ದು ಒಂದು ಏಟಿನ ಸದ್ದು. ಕಪಾಳಕ್ಕೆ, ಬಲವಾಗಿ. ಯಾವನೋ ಕ್ಯಾಮೆರಾದವನು ಅದನ್ನೇ ಹಿಡಿದು ದೊಡ್ಡ ಪರದೆಗೆ ಹಾಕಿಬಿಟ್ಟ. ನನ್ನ ಮಗಳ ಅಂಗೈ ಮನೆಯಷ್ಟು ದೊಡ್ಡದಾಗಿ ಕಂಡಿತು. ಗೆಲುವಿಗಾಗಿ ನಾವು ಹೀಗೆ ಮಾಡುತ್ತೇವೆ ಎಂದು ಪರದೇಶದವರು ತಿಳಿದುಕೊಂಡರಂತೆ. ಮಾರನೆಯ ದಿನ ಎತ್ತರಜಿಗಿತದವರೆಲ್ಲ ತಮ್ಮ ತಮ್ಮ ತಾಯಂದಿರನ್ನು ಹುಡುಕುತ್ತಿದ್ದರು ಎಂದು ಕೇಳಿದ್ದೇನೆ. ಇಷ್ಟು ಜನರ ನಡುವೆ ಆ ಪರದೆಯನ್ನು ನೋಡದವನು ಒಬ್ಬನೇ. ಹಲಗೆಯ ಪಕ್ಕ ಕೂತು ಹಿಟ್ಟು ಸವರುತ್ತಿದ್ದ.

ಮಗಳು ಬಂದು ನನ್ನ ಪಕ್ಕದ ಕೋಚುಗಳ ಸಾಲಿನಲ್ಲೇ ಕೂತಳು. ಅಳಲಿಲ್ಲ. ಮೊಬೈಲನ್ನು ಚೀಲದ ತಳಕ್ಕೆ ತುರುಕಿದಳು.

ನಾಲ್ಕನೆಯ ಜಿಗಿತಕ್ಕೆ ಹೊರಟ ಮಿಡತೆ ದಾರಿಯಲ್ಲಿ ಮಾವನ ಕುರ್ಚಿಯ ಬಳಿ ಒಂದು ಕ್ಷಣ ನಿಂತ. ಬಗ್ಗಿ ಬೂಟಿನ ದಾರ ಬಿಗಿದುಕೊಂಡ ಹಾಗೆ ಮಾಡಿದ. ಏನೋ ಹೇಳಿದ. ಆಮೇಲೆ ಕೇಳಿ ತಿಳಿದುಕೊಂಡೆ, ಹೇಳಿದ್ದು ಇಷ್ಟೇ: "ಮಾವ, ಅವತ್ತಿಂದು ನಂದೇ." ನನ್ನ ಮಗ ತಲೆ ಎತ್ತಲಿಲ್ಲ. ಸವರಿ ನುಣ್ಣಗಾಗಿದ್ದ ಹಿಟ್ಟನ್ನು ಮತ್ತೊಮ್ಮೆ ಸವರಿದ. ದುರ್ಬೀನಿನ ಕೋಚು ಎದ್ದು ನಿಂತ. ಏನೋ ಒಳಸಂಚು ನಡೆಯಿತು ಎಂದು ಅವನ ಮುಖವೇ ಹೇಳುತ್ತಿತ್ತು. ಪಾಪ, ಅವನ ಜಾಗದಲ್ಲಿ ನಾನಿದ್ದರೆ ಮೈದಾನಕ್ಕೇ ಇಳಿದಿರುತ್ತಿದ್ದೆ.

ನಾಲ್ಕನೆಯದರಲ್ಲಿ ಮಿಡತೆ ಹಲಗೆಯ ಈಚೆ ಅಂಚನ್ನು ಮೆಟ್ಟಿದ. ಐದನೆಯದರಲ್ಲಿ ಹಲಗೆಯ ನಡುವನ್ನು. ಎರಡಕ್ಕೂ ಬಿಳಿ. ಎಂಟನೆಯವನಾಗಿದ್ದವನು ಮೆಟ್ಟಿಲು ಹತ್ತಿ ನಾಲ್ಕನೆಯವನಾದ. ಪದಕ ಮೂವರಿಗೆ. ಅಂದರೆ ಉಳಿದದ್ದು ಒಂದು ಜಿಗಿತ, ಬೇಕಾದದ್ದು ಗೆರೆಯ ತುದಿ. ಒಂದು ಬೆರಳು ಈಚೆಗಾದರೆ ಪದಕವಿಲ್ಲ, ಒಂದು ಕೂದಲು ಆಚೆಗಾದರೆ ಜಿಗಿತವೇ ಇಲ್ಲ.

ಓಡಿ ಬಂದ. ನಾನು ಅವನ ಕಾಲು ನೋಡಲಿಲ್ಲ, ಮಗಳ ಮುಖ ನೋಡಿದೆ. ಎರಡು ವರ್ಷದ ಮೇಲೆ ಅವಳು ಮಗ ಹಾರುವುದನ್ನು ನೋಡುತ್ತಿದ್ದಳು. ಬಾಯಿ ತೆರೆದಿತ್ತು, ಅವನು ಹೊಸ್ತಿಲು ಹಾರುತ್ತಿದ್ದಾಗ ತೆರೆಯುತ್ತಿದ್ದ ಹಾಗೆ. ಹಾರಿದವನು ಇಳಿಯುವುದನ್ನು ಮರೆತನೋ ಏನೋ. ಅಷ್ಟರಲ್ಲಿ ನಾನು ಉಸಿರಾಡಿ, ಸೀನಿ, ಶಾಲು ಸರಿಮಾಡಿಕೊಂಡೆ. ಮರಳು ಚಿಮ್ಮಿತು. ಮೂರನೆಯವನ ಗುರುತನ್ನು ದಾಟಿ ಬಿದ್ದಿದ್ದ, ಅದು ಕುರುಡರಿಗೂ ಕಾಣುವಂತಿತ್ತು.

ಆದರೆ ಯಾರೂ ಮರಳು ನೋಡಲಿಲ್ಲ. ಎಲ್ಲರ ಕಣ್ಣೂ ಹಲಗೆಯ ಕಡೆಗೆ. ಗೆರೆ ಸಾಹೇಬ ಕುರ್ಚಿ ಬಿಟ್ಟು ಮಂಡಿಯೂರಿದ. ಕೆನ್ನೆಯನ್ನು ನೆಲಕ್ಕೆ ತಾಗಿಸಿ ಹಿಟ್ಟನ್ನು ಈ ಬದಿಯಿಂದ ನೋಡಿದ, ಆ ಬದಿಯಿಂದ ನೋಡಿದ. ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವವನ ಹಾಗೆ ಕಾದ. ದುರ್ಬೀನಿನವನು ಉಗುರು ಕಚ್ಚಿ ಮುಗಿಸಿ ಬೆರಳಿಗೆ ಬಂದಿದ್ದ. ಮಿಡತೆ ಮರಳಿನಿಂದ ಎದ್ದು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆಯೇ, ಹಿಂತಿರುಗಿ ಮಾವನ ಕೈ ನೋಡುತ್ತ ನಿಂತ.

ನನ್ನ ಮಗ ಎದ್ದ. ಎರಡು ಬಾವುಟವೂ ಬೆನ್ನ ಹಿಂದೆ. ಅವತ್ತು ಮೊದಲ ಸಲ ಮುಖ ಎತ್ತಿ ಜನರ ಕಡೆ ನೋಡಿದ. ಜನರ ಕಡೆ ಎಂದರೆ, ತಂಗಿಯ ಕಡೆ. ಅವಳು ನನ್ನ ಮಣಿಕಟ್ಟನ್ನು ಹಿಡಿದಳು; ಆ ಬೆರಳುಗಳ ಗುರುತು ಇನ್ನೂ ಇದೆ, ಬೇಕಾದರೆ ತೋರಿಸುತ್ತೇನೆ.

"ಅಮ್ಮ," ಎಂದಳು, "ಯಾವ ಬಣ್ಣ ಬಂದ್ರೂ ಸರಿ. ಇವತ್ತು ಅಣ್ಣನಿಗೂ ಕೆಳಗೇ ತಟ್ಟೆ ಹಾಕ್ತೀನಿ."

ಅವಳು ಈ ಮಾತು ಮುಗಿಸಿದ್ದಕ್ಕೂ ಅವನು ಕೈ ಎತ್ತಿದ್ದಕ್ಕೂ ಸರಿಹೋಯಿತು.

ಸಂಜೆ ಅಣ್ಣ ಮೆಟ್ಟಿಲು ಇಳಿದು ಬಂದ. ತಂಗಿ ತಟ್ಟೆ ಹಾಕಿದಳು, ತಗೋ ಎಂದಳು, ಉಪ್ಪು ಸಾಕಾ ಎಂದಳು. ಎರಡು ವರ್ಷದ ಮಾತು ಉಪ್ಪಿನಿಂದ ಶುರುವಾಯಿತು. ನನ್ನ ಕೂಲಿಯ ಕೆಲಸ ಹೋಯಿತು. ಅದರ ಬೇಜಾರು ಈಗಲೂ ಇದೆ. ಅವನು ನನ್ನನ್ನು ಕೇಳಿದ್ದು ಒಂದೇ, ಪಟ್ಟಿಯನ್ನು ಕದ್ದದ್ದು ನೀನಾ ಎಂದು. ಕದಿಯಲಿಲ್ಲ ಕಣೋ, ಬೆನ್ನು ನೋವಿಗೆ ಕಟ್ಟಿಕೊಂಡಿದ್ದೆ ಎಂದೆ. ನಗದವನು ನಕ್ಕ. ಮಿಡತೆ ಊಟದ ನಡುವೆ ಅತ್ತ. ಗೆದ್ದವರೂ ಅಳುತ್ತಾರೆ, ಸೋತವರೂ ಅಳುತ್ತಾರೆ. ಅದನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಅವತ್ತು ಎತ್ತಿದ ಬಾವುಟವನ್ನು ಮಿಡತೆ ಮಾವನ ಕೈಕಾಲು ಹಿಡಿದು ಇಸಿದುಕೊಂಡ. ಕೆಲವು ದಿನ ಗೋಡೆಯ ಮೇಲಿತ್ತು. ಆಮೇಲೆ ನಾನು ಇಳಿಸಿ ಅಡಿಗೆಮನೆಗೆ ತಂದೆ. ಬಿಸಿ ಪಾತ್ರೆ ಹಿಡಿಯಲು ಬಹಳ ಅನುಕೂಲ. ಇಗೋ, ಇಲ್ಲೇ ಒಲೆಯ ಪಕ್ಕ ಇದೆ ನೋಡಿ. ಮಸಿ ಹಿಡಿದು, ಒಗೆದು, ಮತ್ತೆ ಮಸಿ ಹಿಡಿದು ಅದಕ್ಕೀಗ ಬಣ್ಣವೇ ಇಲ್ಲ. ನನ್ನ ಮಗನನ್ನು ನೋಡಿದ್ದೀರಿ, ಮೊಮ್ಮಗನನ್ನು ನೋಡಿದ್ದೀರಿ, ಬಾವುಟವನ್ನೂ ಕೈಯಲ್ಲಿ ಹಿಡಿದು ನೋಡಿ. ಈಗ ನೀವೇ ಹೇಳಿ, ಹುಟ್ಟಿದಾಗ ಇದು ಕೆಂಪಗಿತ್ತೋ, ಬೆಳ್ಳಗಿತ್ತೋ?